ಹೊಸ ಕಾರ್ಡು ಬಂದ ಮೇಲೆ

ರೂಸೆ,
ಅಕ್ಟೋಬರ್ ೮, ೨೦೨೩

ಪ್ರೀತಿಯ ಮಗಳು ರಲಿತ್ಸಾಗೆ,

ನಿನಗೂ, ಪುಟ್ಟ ಮಿತ್ಕೊಗೂ, ನಿನ್ನ ಮನೆಯ ಕಿಟಕಿಯಲ್ಲಿ ಕೂತು ಬುರ್ಗಾಸಿನ ಕಡಲಹಕ್ಕಿಗಳನ್ನು ಬಾಯಿತುಂಬ ಬೈಯಲಾಗದೆ ಒದ್ದಾಡುತ್ತಿರುವ ನಿನ್ನಪ್ಪ ತ್ಸಾಂಕೊಗೂ ಈ ಚಿಕ್ಕಪ್ಪನ ನೆನಪುಗಳು. ಆಗಸ್ಟಿನಲ್ಲಿ ನಿಮ್ಮನ್ನೆಲ್ಲ ನೋಡಿಕೊಂಡು ಬಂದ ವಾರದಲ್ಲೇ ನಿನ್ನ ಕಾಗದ ಸಿಕ್ಕಿತು. ಉತ್ತರಕ್ಕೆ ಇಷ್ಟು ತಡ ಮಾಡಿದೆ, ಕ್ಷಮಿಸು. ಚಳಿಗಾಲದ ಗೊಜ್ಜಿಗೆ ಮೆಣಸಿನಕಾಯಿ ಸುಡುವ ಕೆಲಸವಿತ್ತು, ಸ್ತೆಫ್ಕಾ ಚಿಕ್ಕಮ್ಮನ ಮಂಡಿನೋವಿತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ, ನೀನು ಕೇಳಿದ್ದನ್ನು ಹೇಗೆ ಕೊಡುವುದೆಂದು ತಿಳಿಯದೆ ಸುಮ್ಮನಿದ್ದೆ.

"ಚಿಕ್ಕಪ್ಪ, ನೀವಿಬ್ಬರೂ ಲಾರಿ ಆಟ ಆಡ್ತಾ ವಿಡಿಯೊ ಮಾಡ್ತೀವಿ ಅಂತಿದ್ರಲ್ಲ, ಅದರಲ್ಲಿ ಅಪ್ಪನ ದನಿ ಇರುತ್ತೆ. ಎಷ್ಟಿದ್ದರೂ ಕಳಿಸಿ. ಅವರು ಹೇಗೆ ಮಾತಾಡ್ತಿದ್ರು ಅನ್ನೋದೇ ನನಗೆ ಮರೀತಾ ಇದೆ" ಎಂದು ಬರೆದಿದ್ದೆ. ಏಪ್ರಿಲ್‌ನಲ್ಲಿ ಲಕ್ವ ಹೊಡೆದು ಅವನ ಮಾತು ಹೋದಾಗಿನಿಂದ ನಾನೂ ಅದೇ ದನಿಗಾಗಿ ಪರದಾಡುತ್ತಿದ್ದೇನೆ. ಇರುವುದು ಒಂದೇ ಒಂದು ತುಣುಕು, ಅದೂ ಪರೀಕ್ಷೆಗೆಂದು ಮಾಡಿದ್ದು. ಈ ಕಾಗದದ ಜೊತೆ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ. ಯಾಕೆ ಅಷ್ಟೇ ಎಂದು ಕೇಳುತ್ತೀಯ, ಹೇಳುತ್ತೇನೆ.

ನಿವೃತ್ತರಾದ ಮೇಲೆ ನಮಗೆ ಆ ಆಟ ಸಿಕ್ಕಿದ್ದೇ ಒಂದು ಭಾಗ್ಯ. ಒಂದೇ ಲಾರಿಯಲ್ಲಿ ಜೋಡಿ ಡ್ರೈವರುಗಳಾಗಿ ನಾವು ಸವೆಸಿದ ರಸ್ತೆಗಳೆಲ್ಲ ಅದರಲ್ಲಿವೆ. ನನ್ನ ತಂಗಿಯ ಮಗ ಬೇಡವೆಂದು ಬಿಟ್ಟುಹೋದ ಕಂಪ್ಯೂಟರಿನ ಮುಂದೆ ನಿನ್ನಪ್ಪ ಲಾರಿ ಓಡಿಸುವುದು, ನಾನು ಪಕ್ಕದಲ್ಲಿ ಕೂತು ದಾರಿ ಹೇಳುವುದು. ಪ್ರತಿ ತಿರುವಿಗೂ ಅವನ ಹತ್ತಿರ ಒಂದು ಕಥೆ. ಸೂಪು ತಂದಿಟ್ಟ ಸ್ತೆಫ್ಕಾ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು, ಸೂಪು ಆರಿಹೋಗುತ್ತಿತ್ತು. "ಇದನ್ನ ರೆಕಾರ್ಡ್ ಮಾಡಿ ಹಾಕೋಣ ಕಣೋ. ಲಾರಿ ಓಡಿಸೋದು ಅಂದ್ರೆ ಏನು ಅಂತ ಈಗಿನ ಹುಡುಗರು ನೋಡ್ಲಿ" ಎಂದವನು ಅವನೇ.

ಆಡುವಾಗ ಸರಿಯಾಗಿಯೇ ಓಡುತ್ತಿದ್ದ ಲಾರಿ, ರೆಕಾರ್ಡಿಂಗ್ ಶುರು ಮಾಡಿದ ಕೂಡಲೇ ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. ಕಂಪ್ಯೂಟರ್ ಅಂಗಡಿಯ ಮಿಲೆನಾಳನ್ನು ಕೇಳಿದೆ. "ಅಜ್ಜಾ, ಆಟ ಓಡಿಸೋದೂ ಆ ಪ್ರೊಸೆಸರೇ, ವಿಡಿಯೊ ಮಾಡೋದೂ ಅದೇ. ಒಂದೇ ಎತ್ತಿಗೆ ಎರಡು ಗಾಡಿ ಕಟ್ಟಿದ್ದೀರಿ. ರೆಕಾರ್ಡಿಂಗ್ ಭಾರ ಹೊರೋಕೆ ಒಂದು ಒಳ್ಳೇ ಗ್ರಾಫಿಕ್ಸ್ ಕಾರ್ಡು ಹಾಕಿಸಿ" ಎಂದಳು. ಆ ಕಾಲಕ್ಕೆ ಕಾರ್ಡಿನ ಬೆಲೆ ಮುಗಿಲು ಮುಟ್ಟಿತ್ತು. ಇಳಿಯಲಿ ಎಂದು ಕಾದೆ. ಕಾಯುವಾಗ ಸುಮ್ಮನಿರಬಾರದಲ್ಲ, ಎಡಿಟಿಂಗ್ ಮಾಡುವಾಗ ತಡವರಿಸುತ್ತಿದೆಯೆಂದು ರ‍್ಯಾಮ್ ಹೆಚ್ಚಿಸಿದೆ. ಹಳೆಯ ಡಿಸ್ಕು ಬರೆದುಕೊಳ್ಳುವುದರಲ್ಲಿ ಹಿಂದೆ ಬೀಳುತ್ತಿದೆಯೆಂದು ಎಸ್‌ಎಸ್‌ಡಿ ತಂದೆ. ಬರಲಿರುವ ಕಾರ್ಡಿಗೆ ಕರೆಂಟು ಸಾಲದು ಎಂದಳು ಮಿಲೆನಾ, ಪವರ್ ಸಪ್ಲೈ ಬದಲಾಯಿಸಿದೆ. ಕಾರ್ಡು ಉದ್ದ, ಈ ಡಬ್ಬದಲ್ಲಿ ಹಿಡಿಸದು ಎಂದು ಗೊತ್ತಾಗಿ ಡಬ್ಬವನ್ನೇ ಬದಲಾಯಿಸಿದೆ. "ಮೂಗಿಗಿಂತ ಮೂಗುತಿ ಭಾರ ಆಯ್ತು" ಎಂದಳು ಸ್ತೆಫ್ಕಾ.

ನಿನ್ನಪ್ಪ ಬಿಡುತ್ತಾನೆಯೇ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಬ್ರೇಕ್ ಹಿಡಿಯದ ಲಾರೀಲಿ ಆಲ್ಪ್ಸ್ ಇಳಿದೋರು ನಾವು. ಇರೋದರಲ್ಲೇ ಶುರು ಮಾಡೋ" ಎಂದು ರೇಗಿಸುತ್ತಿದ್ದ.

"ಅದು ನಮ್ಮ ಜೀವ, ಹೋದ್ರೆ ಹೋಗ್ತಿತ್ತು. ಇದು ಜನ ನೋಡೋದು. ಚಿತ್ರ ತುಂಡಾದ್ರೆ ಮೊದಲ ನಿಮಿಷಕ್ಕೇ ಎದ್ದು ಹೋಗ್ತಾರೆ" ಎಂದು ನಾನು ವಾದಿಸುತ್ತಿದ್ದೆ. ಎಲ್ಲ ಅಚ್ಚುಕಟ್ಟಾಗಬೇಕು ಎನ್ನುವುದು ನನ್ನ ಹುಟ್ಟುಗುಣ. ಹೊರಡುವ ಮುನ್ನ ಎಲ್ಲ ಟೈರುಗಳನ್ನೂ ಒದ್ದು ನೋಡುತ್ತಿದ್ದವನು ನಾನು, ಅಷ್ಟರಲ್ಲಿ ಹಾರನ್ ಹೊಡೆದು ಹೊಡೆದು ಬೀದಿಯನ್ನೇ ಎಬ್ಬಿಸುತ್ತಿದ್ದವನು ಅವನು.

ಅಂತೂ ಕಾರ್ಡು ಮೇ ತಿಂಗಳಲ್ಲಿ ಬಂತು. ಆಗ ಅವನು ಆಸ್ಪತ್ರೆಯಲ್ಲಿದ್ದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು, ಮಗಳೇ. ಈಗ ಚಿತ್ರ ಎಷ್ಟು ನುಣುಪಾಗಿದೆಯೆಂದರೆ, ಗಾಜಿನ ಮೇಲಿನ ಮಳೆಹನಿ ಜಾರುವುದೂ ಕಾಣುತ್ತದೆ. ಒಂದು ದಿನ ಒಬ್ಬನೇ ಕೂತು ಟ್ರಿಯೆಸ್ಟ್ ಕಡೆಗೆ ಲಾರಿ ಬಿಟ್ಟೆ. ಸ್ತೆಫ್ಕಾ ಇಣುಕಿ, "ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಿ? ಮಾತಾಡಿ, ರೆಕಾರ್ಡ್ ಆಗ್ತಿದೆಯಲ್ಲ" ಎಂದಳು. "ಯಾರ ಜೊತೆ?" ಎಂದೆ. ಅವಳು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಲಾರಿಯನ್ನು ರಸ್ತೆಬದಿಗೆ ನಿಲ್ಲಿಸಿ ಕಂಪ್ಯೂಟರ್ ಆರಿಸಿದೆ.

ಕಳಿಸಿರುವ ತುಣುಕು ಹಳೆಯ ಕಂಪ್ಯೂಟರಿನದು. ಚಿತ್ರ ಕುಪ್ಪಳಿಸುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಕಷ್ಟವಿರುವುದು ದನಿಯಲ್ಲಿ. "ಎಂಜಿನ್ ಕೇಳದಿದ್ರೆ ಅದೇನು ಲಾರಿನಾ, ಶವದ ಪೆಟ್ಟಿಗೆನಾ" ಎಂದು ನಿನ್ನಪ್ಪನೇ ಸದ್ದನ್ನು ಪೂರ್ತಿ ಏರಿಸಿದ್ದ. ಅವನ ಮಾತೂ ಎಂಜಿನ್ನಿನ ಸದ್ದೂ ಒಂದರಲ್ಲೊಂದು ಕಲಸಿಹೋಗಿವೆ. ಬೇರೆ ಮಾಡಲು ಮಿಲೆನಾ ಪ್ರಯತ್ನಪಟ್ಟಳು, ಆಗಲಿಲ್ಲ. ಹಾಗಿದ್ದರೂ ಅವನು ನಗುವುದು ತಿಳಿಯುತ್ತದೆ. ನಗುವನ್ನು ಯಾವ ಎಂಜಿನ್ನೂ ಮುಚ್ಚಲಿಲ್ಲ.

ಇನ್ನು ಕೆಲವೇ ದಿನಕ್ಕೆ ಮಿತ್ಕೊನ ಹೆಸರಿನ ಹಬ್ಬ. ಅವನಿಗೆ ಹೆಸರು ಕೊಟ್ಟ ಸಂತ ದಿಮಿತರ್ ಅವನನ್ನು ಕಾಯಲಿ, ತಾತನ ಗಟ್ಟಿ ಎದೆ ಅವನಿಗೆ ಬರಲಿ. ಸ್ತೆಫ್ಕಾ ಮಾಡಿದ ಮೆಣಸಿನಕಾಯಿಯ ಗೊಜ್ಜು, ಲ್ಯುತೆನಿತ್ಸಾ, ಎರಡು ಬಾಟಲಿ ಕಳಿಸಿದ್ದೇವೆ, ಖಾರದ್ದು ನಿನ್ನಪ್ಪನಿಗೆ. ವೈದ್ಯರು ಬೇಡವೆಂದರೂ ಬ್ರೆಡ್ಡಿನ ಮೂಲೆಗೆ ಒಂದಿಷ್ಟು ಸವರಿ ಕೊಡು. ನಿನಗೆ ದೇವರು ಶಕ್ತಿ ಕೊಡಲಿ. ಅವನನ್ನು ನೋಡಿಕೊಳ್ಳುತ್ತಿರುವ ನಿನ್ನ ಕೈ ತಣ್ಣಗಿರಲಿ.

ನಿನ್ನ,
ಓಗ್ನ್ಯಾನ್ ಚಿಕ್ಕಪ್ಪ

ತಾ. ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನೀನು ಆ ತುಣುಕು ಕೇಳುವ ಮೊದಲು ಇದನ್ನು ನಾನೇ ಹೇಳಬೇಕು. ಕೊನೆಗೆ ಲಾರಿ ತುರ್ಕಿ ಗಡಿಗೆ ಬಂದು ನಿಲ್ಲುತ್ತದೆ. ಗಡಿಯ ಸಾಲಿನಲ್ಲಿ ಎಂಜಿನ್ ಆರಿಸುವುದು ನಮ್ಮ ಕಾಲದ ಡ್ರೈವರುಗಳ ರೂಢಿ, ಡೀಸೆಲ್ ಉಳಿಸಲು. ಆಟದಲ್ಲಿ ಅದರ ಅಗತ್ಯವಿಲ್ಲ, ಆದರೂ ಅವನ ಕೈ ತಾನಾಗಿ ಆರಿಸಿತು. ಅಲ್ಲಿ ಅವನ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿದೆ. "ರಲಿತ್ಸಾ ಹುಟ್ಟಿದ ಸುದ್ದಿ ನನಗೆ ಸಿಕ್ಕಿದ್ದು ಇದೇ ಸಾಲಲ್ಲಿ ಕಣೋ. ಆ ಸಲ ನೀನಿರಲಿಲ್ಲ. ಅವತ್ತು ನಾನು ಏನ್ಮಾಡ್ದೆ ಗೊತ್ತಾ, ಇದುವರೆಗೆ ಯಾರಿಗೂ ಹೇಳಿಲ್ಲ..." ಎನ್ನುತ್ತಾನೆ. ಆಮೇಲೆ ಕೇಳುವುದು ನನ್ನ ದನಿ. "ತಡಿ, ಈಗ ಬೇಡ. ಚಿತ್ರ ತುಂಡಾಗ್ತಿದೆ, ಒಳ್ಳೇ ಕಥೆ ಹಾಳಾಗುತ್ತೆ. ಹೊಸ ಕಾರ್ಡು ಬಂದ ಮೇಲೆ ಹೇಳುವಿಯಂತೆ." ಅವನು ಎಂಜಿನ್ ಹಾಕುತ್ತಾನೆ.

ಆಗಸ್ಟಿನಲ್ಲಿ ಬಂದಾಗ, ನೀನು ಅಂಗಡಿಗೆ ಹೋಗಿದ್ದ ಹೊತ್ತು ನೋಡಿ, ಆ ಕಥೆ ನೆನಪಿದೆಯೇನೋ ಎಂದು ಕೇಳಿದೆ. ನಾವು ಬಲ್ಗೇರಿಯದವರು ಹೌದೆನ್ನುವ ಹಾಗೆ ತಲೆ ಅಡ್ಡ ಆಡಿಸಿದ. ನನ್ನ ತೋಳು ಹಿಡಿದುಕೊಂಡು ಬಾಯಿ ತೆರೆದ. ತುಂಬ ಹೊತ್ತು ಒದ್ದಾಡಿದ. ನನ್ನಿಂದ ನೋಡಲಾಗಲಿಲ್ಲ. ಇರಲಿ ಬಿಡು, ಆಮೇಲೆ ಹೇಳುವಿಯಂತೆ ಎಂದುಬಿಟ್ಟೆ.