ನಲವತ್ತೇಳನೇ ಪ್ಯಾರಾ

ಪ್ರೆಸ್ ಕ್ವಾರ್ಟರ್ಸ್, ಮೂರನೇ ಮಹಡಿ
ಏಪ್ರಿಲ್ 20, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ತಮ್ಮನ ನಮಸ್ಕಾರ. ಕಣ್ಣು ಹೇಗಿದೆ? ಬುಧವಾರ ಸಂಜೆ ಫೋನಿನಲ್ಲಿ ಮಗಳು ಗುಬ್ಬಿಯ ದನಿ ಕೇಳಿದ್ದೇ ತಡ, ಗೊಳೋ ಎಂದು ಅತ್ತು ಆಪರೇಷನ್ ಆದ ಕಣ್ಣಿನ ಕಟ್ಟೆಲ್ಲ ಒದ್ದೆ ಮಾಡಿಕೊಂಡೆಯಂತೆ, ಡಾಕ್ಟರು ಬೈದರಂತೆ. ಬೈಯಲಿ ಬಿಡು. ಹದಿನಾಲ್ಕು ತಿಂಗಳು ಜೈಲಿನ ಬಾಗಿಲಲ್ಲಿ ಒಂದು ಹನಿ ಕಣ್ಣೀರು ಹಾಕದವಳು, ಇನ್ನೆಷ್ಟು ದಿನ ಬಚ್ಚಿಟ್ಟುಕೊಳ್ಳುತ್ತಿದ್ದೆ? ಆದರೆ ಕಟ್ಟು ಬಿಚ್ಚುವ ತನಕ ಬಸ್ಸು ಹತ್ತುವ ಮಾತೆತ್ತಬೇಡ. ನಿನ್ನ ಮಗಳು ನನ್ನ ಹಾಸಿಗೆಯ ಮೇಲೆ ಅಡ್ಡಡ್ಡ ಮಲಗಿ, ಥೇಟ್ ನಿನ್ನ ಹಾಗೇ ಗೊರಕೆ ಹೊಡೆಯುತ್ತಿದ್ದಾಳೆ. ನನ್ನ ಕಣ್ಣಿನ ಪೊರೆ ತೆಗೆಸಲೂ ಮುಂದಿನ ತಿಂಗಳು ಅದೇ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದ್ದೀಯಂತೆ. ಅದರ ವಿಷಯ ಕೊನೆಯಲ್ಲಿ ಬರೆಯುತ್ತೇನೆ.

ಹೇಗೆ ಬಿಟ್ಟರು, ಯಾಕೆ ಬಿಟ್ಟರು ಎಂದು ನೀನು ಕೇಳುತ್ತಲೇ ಇದ್ದೆ, ನಾನು ಹವಾಮಾನದ ಸುದ್ದಿ ಹೇಳುತ್ತಲೇ ಇದ್ದೆ. ನಮ್ಮ ಫೋನಿನಲ್ಲಿ ಮೂರನೆಯವರ ಉಸಿರು ಕೇಳಿಸುತ್ತದೆ, ನಿನಗೆ ಗೊತ್ತಲ್ಲ. ಎದುರು ಮನೆ ಟೈಲರಮ್ಮ ನಿನ್ನ ಕಡೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ನಿನಗೆ ಓದಿ ಹೇಳುವ ದೊಡ್ಡ ಅಳಿಯಂದಿರಲ್ಲಿ ಒಂದೇ ವಿನಂತಿ: ರೈಲು ತಪ್ಪಿಹೋಗುವವರ ಹಾಗೆ ಓದಬೇಡಿ, ಅಲ್ಪವಿರಾಮ ಬಂದಲ್ಲಿ ಸ್ವಲ್ಪ ನಿಲ್ಲಿ. ಮೂವತ್ತೊಂದು ವರ್ಷ ಸರ್ಕಾರಿ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನು ಹಾಕಿದ ಅಲ್ಪವಿರಾಮ ಅದು.

ವರ್ಷಾ ವರ್ಷಾ ಹೊರದೇಶದವರು ನಮ್ಮ ಬಗ್ಗೆ ಒಂದು ಪುಸ್ತಕ ಬರೆದು ಕಳಿಸುತ್ತಾರಲ್ಲ, ಯಾರನ್ನು ಹಿಡಿದರು, ಯಾರನ್ನು ಹೊಡೆದರು, ಯಾರ ಬಾಯಿ ಮುಚ್ಚಿಸಿದರು ಎಂದು, ಅದಕ್ಕೆ ನಮ್ಮವರು ಹತ್ತು ದಿನದೊಳಗೆ ‘ಉತ್ತರ’ ಎಂಬ ಪುಸ್ತಕ ಅಚ್ಚು ಹಾಕಿಸುತ್ತಾರೆ. ಮೊದಲ ಸಾಲು ನನಗೆ ಬಾಯಿಪಾಠ: ‘ಈ ವರದಿ ಆಧಾರರಹಿತ, ಪೂರ್ವಗ್ರಹಪೀಡಿತ, ನಮ್ಮ ಆಂತರಿಕ ವಿಷಯದಲ್ಲಿ ಕೈಹಾಕುವ ದುಸ್ಸಾಹಸ.’ ಆಮೇಲೆ ಅವರ ಪ್ರತಿ ಪ್ಯಾರಾಕ್ಕೂ ಅದೇ ನಂಬರಿನ ಒಂದು ಉತ್ತರ. ಯಾರ ಹೆಸರೂ ಬರೆಯುವುದಿಲ್ಲ, ಬರೆದರೆ ಅವರಿಗೆ ಮರ್ಯಾದೆ ಕೊಟ್ಟಂತಾಗುತ್ತದಂತೆ. ‘ಈ ಪ್ಯಾರಾದಲ್ಲಿ ಹೇಳಿರುವ ವ್ಯಕ್ತಿ’ ಅಂದರೆ ಮುಗಿಯಿತು. ಉತ್ತರ ಬರೆಯುವ ಸಾಹೇಬರು ಹೊರದೇಶದ ಪುಸ್ತಕವನ್ನು ತೆರೆದೂ ನೋಡುವುದಿಲ್ಲ, ಅದೂ ಮರ್ಯಾದೆಯ ಪ್ರಶ್ನೆಯೇ. ಹೋದ ವರ್ಷದ ಉತ್ತರ ತೆಗೆದು, ಇಸವಿ ಬದಲಾಯಿಸಿ, ಬೈಗುಳ ಎರಡು ಹೆಚ್ಚಿಗೆ ಸೇರಿಸಿ, ಊಟಕ್ಕೆ ಹೋಗುತ್ತಾರೆ.

ಹೋದ ವರ್ಷದ ನಲವತ್ತೇಳನೇ ಪ್ಯಾರಾದಲ್ಲಿದ್ದವರು ಒಬ್ಬ ಮುದುಕ ಮೇಷ್ಟ್ರು. ಅವರನ್ನು ನಿಜವಾಗಿಯೂ ಬಿಟ್ಟಿದ್ದರು. ಹಾಗಾಗಿ ಉತ್ತರದಲ್ಲಿ, ‘ವಿಚಾರಣೆಯ ನಂತರ ಈ ವ್ಯಕ್ತಿಯನ್ನು ಬಿಡುಗಡೆ ಮಾಡಲಾಗಿದೆ; ಈಗ ಮನೆಯವರೊಂದಿಗೆ ಸುಖವಾಗಿದ್ದಾರೆ’ ಎಂದಿತ್ತು. ಈ ವರ್ಷವೂ ಅದೇ ಸಾಲು ಅಚ್ಚಾಯಿತು. ಆದರೆ ಈ ವರ್ಷದ ನಲವತ್ತೇಳನೇ ಪ್ಯಾರಾದಲ್ಲಿ ಇದ್ದದ್ದು ಮೇಷ್ಟ್ರಲ್ಲ, ನಮ್ಮ ಗುಬ್ಬಿ! ಪೊಲೀಸರ ಏಟು ತಿಂದು ಆಸ್ಪತ್ರೆಗೆ ಬಂದವರನ್ನೆಲ್ಲ ಮೆಟ್ಟಿಲಿಂದ ಬಿದ್ದವರು ಎಂದು ಬರೆದುಕೊಳ್ಳಲು ಹೇಳಿದಾಗ, ‘ಒಂದೇ ದಿನ ಮೂವತ್ತೆಂಟು ಜನ ಬೀಳೋಕೆ ಊರಲ್ಲಿ ಅಷ್ಟು ಮೆಟ್ಟಿಲು ಎಲ್ಲಿದೆ ಸಾರ್?’ ಎಂದು ಕೇಳಿ ಜೈಲು ಸೇರಿದ ನರ್ಸು.

ಬುಧವಾರ ಬೆಳಿಗ್ಗೆ ಮಂತ್ರಿಗಳು ಪುಸ್ತಕ ಎತ್ತಿ ಹಿಡಿದು ಟಿ.ವಿ.ಯವರ ಮುಂದೆ ಆರ್ಭಟಿಸುತ್ತಿದ್ದರು. ಹೊರಗಿನ ಒಬ್ಬ ವರದಿಗಾರ್ತಿ ಎದ್ದು, ನಲವತ್ತೇಳು ಅಂದರೆ ಆ ನರ್ಸ್ ಅಲ್ಲವೇ, ಬಿಟ್ಟಿದ್ದೀರಾ ಎಂದು ಕೇಳಿದಳು. ಮಂತ್ರಿಗಳು ಪುಟ ತಿರುಗಿಸಿ ನೋಡಿದರು. ಅಚ್ಚಾಗಿದೆ! ‘ಬಿಟ್ಟಾಗಿದೆ ಕಣಮ್ಮ, ಮನೇಲಿ ಟೀ ಕುಡೀತಾ ಕೂತಿದ್ದಾಳೆ, ನಾಳೆ ಬೆಳಿಗ್ಗೆ ಹೋಗಿ ನೋಡ್ಕೊಂಡು ಬನ್ನಿ’ ಎಂದುಬಿಟ್ಟರು.

ಇನ್ನೇನು! ಉತ್ತರ ತಪ್ಪು ಅಂದರೆ ಹೊರದೇಶದವರ ಪುಸ್ತಕ ಸರಿ ಎಂದ ಹಾಗಾಗುತ್ತದೆ. ನಾಲ್ಕು ಸಾವಿರ ಪ್ರತಿ ಆಗಲೇ ಹಂಚಿಯೂ ಆಗಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಗುಬ್ಬಿಯ ಮನೆ ಅಂದರೆ ನನ್ನದೇ ಅಲ್ಲವೇ, ಮಧ್ಯಾಹ್ನ ಮೂರಕ್ಕೆ ವ್ಯಾನು ಇಲ್ಲಿಗೇ ಬಂತು. ಮೊದಲು ಇಳಿದದ್ದು ಎರಡು ಹೊಸ ಕುರ್ಚಿ, ಆಮೇಲೆ ಒಂದು ಹೂಕುಂಡ, ಅದರ ಹಿಂದೆ ಗುಬ್ಬಿ. ಎಷ್ಟು ಬಡವಾಗಿದ್ದಾಳೆ ಅಕ್ಕಾ, ನಾನು ಬಾಗಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟೆ. ಅವಳೇ ಬಂದು ನನ್ನ ಕನ್ನಡಕ ತೆಗೆದು, ತನ್ನ ದುಪಟ್ಟದಲ್ಲಿ ಒರೆಸಿ, ವಾಪಸ್ಸು ಹಾಕಿ, ‘ಈಗ ನೋಡು ಮಾಮಾ’ ಅಂದಳು. ನನಗೆ ಸಂತೋಷ ತಡೆಯಲಾಗಲಿಲ್ಲ, ಜೊತೆಗೆ ಬಂದಿದ್ದ ಇನ್‌ಸ್ಪೆಕ್ಟರನ್ನೇ ತಬ್ಬಿಕೊಂಡೆ. ಆತ ಮಾತ್ರ, ಮನೆಯಲ್ಲಿ ಟೀ ಲೋಟ ಎಷ್ಟಿವೆ ಎಂದು ಬರೆದುಕೊಳ್ಳುತ್ತಿದ್ದ.

ಮಾರನೆಯ ದಿನ ಕ್ಯಾಮೆರಾದವರು ಬಂದರು. ಮನೆಯಲ್ಲೇ ಇದ್ದೀರಾ ಎಂದು ಕೇಳಿದ್ದಕ್ಕೆ ನಿನ್ನ ಮಗಳು ಹೊಸ ಕುರ್ಚಿಯಲ್ಲಿ ಕೂತು, ಟೀ ಊದಿ ಊದಿ ಕುಡಿದು, ‘ಹೌದು, ನಿನ್ನೆ ಮೂರು ಗಂಟೆಯಿಂದ’ ಅಂದಳು. ಇನ್‌ಸ್ಪೆಕ್ಟರ್ ಕೆಮ್ಮಿದ್ದೇ ಕೆಮ್ಮಿದ್ದು. ಅವಳನ್ನು ಮತ್ತೆ ಒಯ್ದಾರು ಎಂದು ಹೆದರಬೇಡ. ಒಯ್ಯಬೇಕಾದರೆ ಪುಸ್ತಕ ಮತ್ತೆ ಅಚ್ಚು ಹಾಕಿಸಬೇಕು. ತಪ್ಪು ಯಾರದು ಎಂದು ಪ್ರೆಸ್ಸಿನಲ್ಲೂ ಯಾರೂ ಕೇಳಲಿಲ್ಲ. ಕೇಳಿದರೆ ತಪ್ಪಾಗಿದೆ ಎಂದು ಒಪ್ಪಿಕೊಳ್ಳಬೇಕಲ್ಲ. ಉತ್ತರ ಬರೆದ ಸಾಹೇಬರಿಗೆ, ಹತ್ತು ದಿನದ ಕೆಲಸ ಆರೇ ದಿನದಲ್ಲಿ ಮುಗಿಸಿದ್ದಕ್ಕೆ ಪ್ರಶಂಸಾಪತ್ರ ಬಂದಿದೆ.

ಗುಬ್ಬಿ ಎದ್ದಳು, ಹಸಿವು ಹಸಿವು ಎನ್ನುತ್ತಿದ್ದಾಳೆ. ಅಳಿಯಂದಿರಿಗೆ, ದೊಡ್ಡವಳಿಗೆ ನನ್ನ ಆಶೀರ್ವಾದ. ಕಣ್ಣಿಗೆ ಹನಿ ಬಿಡುವುದು ಮರೆಯಬೇಡ. ಕೈ ಹಿಡಿದು ಅಕ್ಷರ ತಿದ್ದಿಸಿದ ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ಇಂತಿ ನಿನ್ನ ತಮ್ಮ

ತಾ.ಕ.: ಈ ಹಾಳೆಯನ್ನು ಬೇರೆ ಮಡಿಸಿ ಅಂಟಿಸಿದ್ದೇನೆ. ಅಳಿಯಂದಿರಿಗೆ ಕೊಡಬೇಡ, ಕಟ್ಟು ಬಿಚ್ಚಿದ ಮೇಲೆ ನೀನೇ ಓದಿಕೊ. ಅದಕ್ಕೇ ಇಷ್ಟು ದಪ್ಪ ಅಕ್ಷರ. ಓದಿ ಒಲೆಗೆ ಹಾಕು. ಅಕ್ಕಾ, ಆ ಪ್ರೂಫ್ ನನ್ನ ಮೇಜಿಗೇ ಬಂದಿತ್ತು. ನಂಬರು ತಾಳೆ ನೋಡಲು ಹೊರದೇಶದ ಪುಸ್ತಕವೂ ಪಕ್ಕದಲ್ಲಿತ್ತು. ಗುಬ್ಬಿಯ ಹೆಸರು ಓದಿದೆ. ಉತ್ತರ ಓದಿದೆ. ಕೆಂಪು ಪೆನ್ನು ಕೈಯಲ್ಲಿತ್ತು. ಆ ಸಾಲಿನಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು, ಅದೊಂದನ್ನು ಹಾಕಿ ಸಹಿ ಮಾಡಿದೆ. ಚಿಕ್ಕವನಿದ್ದಾಗ ತಪ್ಪು ಬಿಟ್ಟರೆ ಕಿವಿ ಹಿಂಡುತ್ತಿದ್ದೆಯಲ್ಲ, ಬಂದಾಗ ಹಿಂಡು. ಹೊರದೇಶದ ಆ ಪುಸ್ತಕದಲ್ಲಿ ಇನ್ನೂ ಜೈಲಿನಲ್ಲೇ ಇರುವ ಹನ್ನೊಂದು ಜನರ ಹೆಸರಿದೆ, ನನ್ನ ನಿವೃತ್ತಿಗೆ ಇನ್ನೂ ಎರಡು ಉತ್ತರ ಬಾಕಿ ಇದೆ. ಡಾಕ್ಟರಿಗೆ ಹೇಳು, ನನ್ನ ಕಣ್ಣಿನ ಪೊರೆ ಅಲ್ಲಿಯವರೆಗೆ ಹಾಗೇ ಇರಲಿ.