ಕಟ್ಟೆಯನ್ನೇ ತಡೆದ ಮೂರು ದಿನ

ಎರಡನೇ ಬೇಸಿಗೆಯ ನಲವತ್ತನೇ ದಿನ, ೨೨೪೧
ಕೋಲಾರದ ಹಳೆಯ ಗಣಿ, ಆರನೇ ಅಂತಸ್ತು

ಹಿಂದಿನ ಕಾಲದ ಹಿರಿಯರಿಗೆ,

ನಮ್ಮ ಮಾತು ನಿಮಗೆ ಸೊಟ್ಟಗೆ ಕೇಳಿಸಿದರೆ ಮನ್ನಿಸಿ. ವರ್ಷಕ್ಕೆ ಎರಡು ಬೇಸಿಗೆ ಬರತೊಡಗಿದ ಮೇಲೆ ನಮ್ಮವರು ನೆಲದಡಿಗೆ ಇಳಿದರು, ಹೊಸ ಪದಗಳೂ ಅಲ್ಲೇ ಹುಟ್ಟಿದವು. ನಾನು ಸೊಣ್ಣಪ್ಪ, ಹತ್ತೊಂಬತ್ತು ವರ್ಷ. ಒಂದು ಕಡೆ ಕೂರಲಾಗದೆ ಏಳನೇ ತರಗತಿಗೇ ಶಾಲೆ ಬಿಟ್ಟೆ. ಈಗ ನಾನೂರು ಮನೆಗಳ ಇಮೇಲ್ ಸರ್ವರ್ ಕಾಯುತ್ತ ದಿನವಿಡೀ ಕೂತೇ ಇರುತ್ತೇನೆ.

ಸರ್ವರ್ ನಿಮ್ಮ ಕಾಲದ್ದು, ಅದರ ಕೈಪಿಡಿಯೂ ನಿಮ್ಮದೇ. ಪತ್ರಗಳು ನಮಗೆ ನೇರವಾಗಿ ಬರುವುದಿಲ್ಲ. ಗಣಿಯ ಬಾಯಲ್ಲಿ ಕಂಪನಿಯೊಂದರ ಯಂತ್ರವಿದೆ, ಅದನ್ನು ಕಟ್ಟೆ ಅನ್ನುತ್ತೇವೆ. ಹೊರಗಿನದೆಲ್ಲ ಮೊದಲು ಅಲ್ಲಿ ಇಳಿದು, ಅದರ ಕೈಯಿಂದ, ಕಾಳು ಜೊಳ್ಳು ಬೇರ್ಪಡಿಸುವ ನಮ್ಮ ಸರ್ವರಿನ ಜರಡಿಗೆ ಬೀಳುತ್ತದೆ. ಹತ್ತರಲ್ಲಿ ಒಂಬತ್ತು ಜೊಳ್ಳು: ಯಾರೂ ಕೇಳದ ಜಾಹೀರಾತು, ಮೋಸದ ಬಹುಮಾನ, ಮಾರಾಟಕ್ಕಿಟ್ಟ ಮಳೆ. ಜೊಳ್ಳನ್ನು ಹಿಂದಿರುಗಿಸುವಂತಿಲ್ಲ, ಕಳಿಸಿದವರ ಹೆಸರೇ ಸುಳ್ಳಾದ್ದರಿಂದ ಅದು ಯಾರೋ ಪಾಪದವರ ಮನೆಗೆ ಹೋಗಿ ಬೀಳುತ್ತದೆ. ಸದ್ದಿಲ್ಲದೆ ಎಸೆಯುವುದೇ ನಮ್ಮ ರೂಢಿ.

ಹೋದ ತಿಂಗಳು ಬೇಸತ್ತು, ಜೊಳ್ಳೆಲ್ಲ ಯಾವ ಯಂತ್ರದ ವಿಳಾಸದಿಂದ ಬರುತ್ತಿದೆ ಎಂದು ನೋಡಿದೆ. ಎಲ್ಲವೂ ಒಂದೇ ವಿಳಾಸ. ಕಳ್ಳ ಸಿಕ್ಕಿದ ಎಂದುಕೊಂಡು ಅದನ್ನು ತಡೆಪಟ್ಟಿಗೆ ಹಾಕಿದೆ. ಎರಡು ದಿನ ಊರೇ ತಣ್ಣಗಿತ್ತು. "ಇಸ್ಕೂಲು ಬಿಟ್ಟಿದ್ದೇ ಒಳ್ಳೇದಾಯ್ತು ಬಿಡೋ" ಎಂದು ಪಕ್ಕದ ಮನೆಯ ಪಿಳ್ಳಮ್ಮಜ್ಜಿ ನಕ್ಕರು. ಮೂರನೇ ದಿನ, ಯಾರಿಗೂ ಒಂದು ಪತ್ರವೂ ಬಂದಿಲ್ಲವೆಂದು ತಿಳಿದಾಗ ತಡೆಪಟ್ಟಿಯನ್ನು ಮತ್ತೆ ತೆರೆದೆ. ನಾನು ತಡೆದದ್ದು ಕಟ್ಟೆಯನ್ನೇ. ನಿಜವಾಗಿ ಕಳಿಸಿದ ಯಂತ್ರದ ವಿಳಾಸ ಪತ್ರದ ತಲೆಯಲ್ಲಿ ಇನ್ನೊಂದು ಸಾಲು ಕೆಳಗಿತ್ತು. ಕೂಡಲೇ ತಡೆ ತೆಗೆದೆ.

ಎಸೆದವುಗಳ ಪಟ್ಟಿಯಲ್ಲಿ ಒಂದು ಕಣ್ಣಾಸ್ಪತ್ರೆಯದು. ಪಿಳ್ಳಮ್ಮಜ್ಜಿಯ ಆಪರೇಷನ್ನಿನ ಸರದಿ ಬಂದಿತ್ತು, ಎರಡು ದಿನದೊಳಗೆ ಉತ್ತರಿಸಬೇಕಿತ್ತು. ಉತ್ತರ ಹೋಗದೆ ಆ ಸರದಿ ಬೇರೆಯವರಿಗೆ ಹೋಯಿತು. ಮುಂದಿನ ಸರದಿ ಹದಿನಾಲ್ಕು ತಿಂಗಳ ಮೇಲೆ. ಅಷ್ಟು ಕಾಲ ಅವರ ನೋಟ ಉಳಿಯುವುದಿಲ್ಲ.

ಆ ಪಟ್ಟಿಯನ್ನು ನನ್ನ ಬಿಟ್ಟು ಯಾರೂ ಓದುವುದಿಲ್ಲ. ಕಟ್ಟೆ ಕೆಟ್ಟಿತ್ತು ಎಂದಿದ್ದರೆ ನಂಬುತ್ತಿದ್ದರು. ಅಜ್ಜಿಯ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಕಣ್ಣಿಗೆ ಹತ್ತಿರ ಹಿಡಿದು ಸೊಪ್ಪು ಬಿಡಿಸುತ್ತಿದ್ದರು. "ಬಾಗಿಲಿಗೆ ತಂದುಕೊಟ್ಟೋನೇ ಬರೆದೋನು ಅಂದ್ಕೊಂಡ್ಯಲ್ಲೋ, ಪೆದ್ದ" ಅಂದರು. ಬೈದದ್ದು ಅಷ್ಟೇ.

ಯಾರಾದರೂ ಸರದಿ ಬಿಟ್ಟುಕೊಟ್ಟರೆ ಆಸ್ಪತ್ರೆಯವರು ಬರೆಯುತ್ತಾರಂತೆ. ಅದಕ್ಕೇ ಈಗ ಜರಡಿಯನ್ನು ನಂಬದೆ, ಜೊಳ್ಳೆಂದು ಬೇರೆಯಾದ ಸಾವಿರಾರು ಪತ್ರಗಳನ್ನೂ ದಿನಾ ಒಂದೊಂದಾಗಿ ತೆರೆಯುತ್ತೇನೆ. ಇನ್ನೂ ಬಂದಿಲ್ಲ. ಅಜ್ಜಿ ಈಗ ಸೊಪ್ಪನ್ನು ಬೆರಳಲ್ಲೇ ಗುರುತಿಸಿ ಬಿಡಿಸುತ್ತಾರೆ.

ಒಂದು ಕೋರಿಕೆ. ಈ ಕೈಪಿಡಿ ಬರೆಯುವವರು ನಿಮ್ಮ ನಡುವೆ ಎಲ್ಲೋ ಇರಬೇಕು. ನಡುವೆ ಕಟ್ಟೆಯಿದ್ದರೆ ಅದನ್ನು ತಡೆಯಬೇಡಿ, ಅದರ ಹಿಂದೆ ಯಾರಿದ್ದಾರೆ ನೋಡಿ ಎಂದು ತಡೆಪಟ್ಟಿಯ ಪುಟದಲ್ಲಿ ಒಂದು ಸಾಲು ಸೇರಿಸಲು ಅವರಿಗೆ ಹೇಳಿ. ತಪ್ಪು ನನ್ನದೇ, ನಿಮ್ಮ ಮೇಲೆ ಹೊರಿಸುತ್ತಿಲ್ಲ. ಆದರೆ ಆ ಪುಟದ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿಯಿದೆ. ಆ ಸಾಲು ಬಂದಿದೆಯೇ ಎಂದು ದಿನಾ ಬೆಳಿಗ್ಗೆ ತೆರೆದು ನೋಡುತ್ತೇನೆ.

ಇಂತಿ,
ಸೊಣ್ಣಪ್ಪ