ಕಾದಂಬರಿಯ ಗೌಡತಿ ಮಾಡಿದ ಬಾಣಂತನ

ಕಲಬುರ್ಗಿಯ ಕಿತಾಬಖಾನೆಯ ಪುಸ್ತಕಗಳನ್ನು ನೋಡಿಕೊಳ್ಳುವ ಮಾನ್ಯ ಮೊಹತಮೀಮ್ ಸಾಹೇಬರೇ,

ಇಂಗ್ಲಿಷ್ ಸಾಹಿತ್ಯದ ವಿಷಯದಲ್ಲಿ ಲಂಡನ್ನಿನ ಪಂಡಿತರೂ ನನ್ನನ್ನು ಕೇಳಿಯೇ ಬಾಯಿ ಬಿಡುತ್ತಾರೆ. ಅಂಥ ನನ್ನ ತಲೆಗೇ ತಾವು ಒಂದು ಸುಳ್ಳು ಪುಸ್ತಕ ಕಟ್ಟಿದ್ದೀರಿ. ನಮ್ಮ ಸೀಮೆಯವರೇ ಒಬ್ಬರು ನಮ್ಮ ಮನೆತನಗಳ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಚಂದಾ ಕೊಟ್ಟವರ ಹೆಸರು ಕೊನೆಯ ಪುಟದಲ್ಲಿ ಛಾಪಾ ಆಗುತ್ತದೆ ಎಂದು ಕಮಲಾಪುರದ ನಮ್ಮ ಮನೆಯ ತನಕ ಬಂದು ಹೇಳಿದಿರಿ. ನಾನು ನೂರು ರೂಪಾಯಿ ಕೊಟ್ಟದ್ದು ಊರಿಗೆಲ್ಲ ಗೊತ್ತಿದೆ, ಯಾಕೆಂದರೆ ನಾನೇ ಹೇಳಿದ್ದೇನೆ.

ಪುಸ್ತಕ ಬಂತು. ನಾನು ಓದಿದ್ದು ಊರ ಸಾಲೆಯ ನಾಲ್ಕನೇ ಇಯತ್ತೆ. ಹಾಗಾಗಿ ನನ್ನ ಅಕ್ಕನ ಮಗ, ಕಲಬುರ್ಗಿಯ ಶಹಾಬಜಾರದಲ್ಲಿ ಇಂಗ್ಲಿಷ್ ಕಲಿಸುವ ದೌಲಪ್ಪನನ್ನು ಕರೆಸಿ, ಅಂಗಳದ ಕಟ್ಟೆಯ ಮೇಲೆ ಕೂಡಿಸಿ ಅರ್ಥ ಹೇಳಿಸಿದೆ. ಅದರಲ್ಲೊಬ್ಬ ಗೌಡತಿ. ಮನೆಯ ಆಳಿನ ಮಗಳನ್ನು ತನ್ನ ಮಂಚದ ಮೇಲೆ ಮಲಗಿಸಿ, ತಾನೇ ಎಣ್ಣೆ ಹಚ್ಚಿ ಎರೆದು, ಬಾಣಂತನ ಮಾಡುತ್ತಾಳೆ! ಆ ಮನೆಯಲ್ಲಿ ಒಡೆಯರು ಯಾರು, ಆಳು ಯಾರು ಎಂದು ದೇವರಿಗೂ ತಿಳಿಯದಂತೆ. ಅಲ್ಲಿಗೇ ಓದು ನಿಲ್ಲಿಸೆಂದೆ.

ನಮ್ಮಲ್ಲಿ ಮೂವತ್ತು ವರ್ಷ ದುಡಿದ ಮಾನಮ್ಮ ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ನಿಲ್ಲಿಸಿದಳು.

"ಯಪ್ಪಾ, ಆ ಗೌಡತಿ ಯಾವೂರಾಕೀರಿ?"

"ಆಕಿ ಬರೇ ಪುಸ್ತಕದಾಗ ಅದಾಳ, ಮಾನಮ್ಮ," ಎಂದ ದೌಲಪ್ಪ.

"ಹಂಗಾದ್ರ ನನ್ನ ಮಗಳು ಮಾಳೀನ ಆ ಪುಸ್ತಕಕ್ಕೇ ಕಳಸ್ತೀನಿ ತಗೋರಿ. ಈ ತಿಂಗಳದಾಗ ಹಡಿತಾಳ."

ದೌಲಪ್ಪ ನಕ್ಕ. ನನಗೆ ನಗಲಾಗಲಿಲ್ಲ.

ಸಾಹೇಬರೇ, ಬರೆದವರು ಯಾವ ಮನೆಯಲ್ಲಿ ಉಂಡು ಬರೆದರು? ನಮ್ಮ ಮನೆಯಲ್ಲಿ ಮಾನಮ್ಮ ಉಣ್ಣುವ ಗಂಗಾಳ ಹಿತ್ತಲ ಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತದೆ. ನನ್ನ ಹೆಂಡತಿ ವಿಮಲಾಬಾಯಿ ಕೈ ತಾಗದಂತೆ ಮೇಲಿನಿಂದ ರೊಟ್ಟಿ ಬಿಡುತ್ತಾಳೆ. ನಮ್ಮ ಮಕ್ಕಳನ್ನು ಎತ್ತಿ ಆಡಿಸಿದ್ದು ಮಾನಮ್ಮನ ಕೈ! ಪರದೇಶದವರಿಗೆ ನಮ್ಮ ಸಂಬಂಧಗಳನ್ನು ತೋರಿಸುವವರು ಆ ಗೂಡಿಗೆ ಯಾಕೆ ಸುಣ್ಣ ಬಳಿದರು? ನಾಚಿಕೆಗೇಡಿನ ಕೆಲಸವನ್ನು ನಾವು ಪುಕ್ಕಟೆ ಮಾಡುತ್ತೇವೆ; ಅದನ್ನು ಮುಚ್ಚುವುದಕ್ಕೆ ನಮ್ಮಿಂದಲೇ ಚಂದಾ ಬೇಕೆ?

ಕೊನೆಯ ಪುಟದಲ್ಲಿ 'ಪೋಷಕರು' ಎಂದು ನನ್ನ ಹೆಸರಿದೆ. ಆ ಪುಟ ಹರಿದುಹಾಕಿ, ಅಮಾವಾಸ್ಯೆಯೊಳಗೆ ನನ್ನ ಚಂದಾ ವಾಪಸು ಕಳಿಸಬೇಕು. ನೂರು ಎಲ್ಲಿಂದ ತರಲಿ ಎಂದು ಗಾಬರಿಯಾಗಬೇಡಿ. ರಸೀದಿಯ ಪ್ರತಿ ತಮ್ಮಲ್ಲೇ ಇದೆ: ನಾನು ಕೊಟ್ಟದ್ದು ಏಳು ರೂಪಾಯಿ. ನನ್ನ ಪೆಟ್ಟಿಗೆಯಲ್ಲಿ ಈಗ ಅಷ್ಟೂ ಇಲ್ಲ. ಮಗಳ ಬಾಣಂತನಕ್ಕೆಂದು ಮಾನಮ್ಮ ನನ್ನ ಕೈಯಲ್ಲಿ ಜೋಪಾನಕ್ಕೆ ಇಟ್ಟಿದ್ದ ರೂಪಾಯಿ, ತಮಗೆ ಕೊಟ್ಟ ಆ ಏಳು. ನಿನ್ನೆ ವಾಪಸು ಕೇಳಿದಳು.

ಇಂತಿ,
ಮಾನಮ್ಮನ ದುಡ್ಡಿನಲ್ಲಿ ಪೋಷಕನಾದ
ಅಣವೀರಪ್ಪ, ಕಮಲಾಪುರ